ಬೇಗ ಬಂದು ಕರ್ಕೊಂಡು ಹೋಗಿ

2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆ ಆಯಿತು. ಅವತ್ತು ಮಧ್ಯಾಹ್ನ ಬೆಂಗಳೂರಿನಲ್ಲಿ ಆಫೀಸಿನ ಕ್ಯಾಂಟೀನಲ್ಲಿ ಕೂತು ಫೋನಲ್ಲಿ ಆ ವಿಡಿಯೋ ನೋಡುತ್ತಿದ್ದೆ. ನನಗೆ ಖುಷಿ ಆಗಬೇಕಿತ್ತು, ಯಾಕೆಂದರೆ ನನ್ನ ಅಜ್ಜಿ ಮನೆ ಇರುವುದೇ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಆದರೆ ನಾನು ಮಾಡಿದ್ದೇನು ಗೊತ್ತಾ? ಜನರನ್ನೂ ಗಾಡಿಗಳನ್ನೂ ಹೊಳೆ ದಾಟಿಸುತ್ತಿದ್ದ ಲಾಂಚಿನ ಹಳೇ ಫೋಟೋ ಒಂದನ್ನು ಹುಡುಕಿ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. "ಲಾಂಚ್ ಇಲ್ಲದ ಊರು ಊರೇ ಅಲ್ಲ. ನಮ್ಮ ಬಾಲ್ಯ ಇವತ್ತಿಗೆ ಮುಗೀತು" ಅಂತ ಕೆಳಗೆ ಬರೆದೆ. ಜೊತೆಗೆ ಅಳುವ ಮುಖ ಬೇರೆ.

ಹತ್ತು ನಿಮಿಷದಲ್ಲಿ ಸಾಲುಸಾಲು ಹೃದಯ ಬಂದವು. ಪುಣೆಯಿಂದ ಒಬ್ಬ, ಹೈದರಾಬಾದಿನಿಂದ ಒಬ್ಬಳು, ಅಮೆರಿಕದಲ್ಲಿ ಅರ್ಧರಾತ್ರಿ ಎದ್ದು ಕೂತಿದ್ದ ದೊಡ್ಡಪ್ಪನ ಮಗ. ಎಲ್ಲರೂ ಊರು ಬಿಟ್ಟವರೇ ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ಊರಲ್ಲೇ ಇರುವ ಸಣ್ಣತ್ತೆ ಸಾಮಾನ್ಯವಾಗಿ ಗ್ರೂಪಿನಲ್ಲಿ ದೇವರ ಫೋಟೋ ಬಿಟ್ಟರೆ ಬೇರೇನೂ ಹಾಕುವುದಿಲ್ಲ. ಅವತ್ತು ಹೀಗೆ ಬರೆದರು: "ಲಾಂಚ್ ಅಷ್ಟು ಬೇಕಿದ್ರೆ ನೀನೇ ತಗೊಂಡು ಹೋಗಿ ನಿಮ್ಮ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಬಿಟ್ಕೋ ಮಾರಾಯ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೊಳಗೇ ಸ್ವಲ್ಪ ಬೇಜಾರಾಯಿತು.

ಆ ಕಡೆಯವರಲ್ಲದವರಿಗೆ ಒಂದು ಮಾತು ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಶರಾವತಿ ನೀರು ಹಿಂದಕ್ಕೆ ಹರಡಿ ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಸಾಗರ ತಾಲ್ಲೂಕಿನ ಕರೂರು ಕಡೆಯ ಊರುಗಳು ಮುಳುಗದೇ ಉಳಿದರೂ ಸಾಗರ ಪೇಟೆಯಿಂದ ಕಡಿದುಹೋದವು. ಮಧ್ಯೆ ಬರೀ ನೀರು. ದಾಟಬೇಕೆಂದರೆ ಲಾಂಚ್, ಇಲ್ಲವೆಂದರೆ ಹೊಸನಗರದ ಕಡೆಯಿಂದ ಕಾಡುದಾರಿ ಸುತ್ತು ಹಾಕಬೇಕು. ಸಂಜೆ ಕೊನೇ ಲಾಂಚ್ ಹೋದರೆ ಮುಗಿಯಿತು, ಇನ್ನು ಬೆಳಗಾಗಬೇಕು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಗಾಡಿ ಹತ್ತಿಸುತ್ತಿರಲಿಲ್ಲ. ರಾಜ್ಯಕ್ಕೆಲ್ಲ ಬೆಳಕು ಕೊಡಲು ತೋಟ ಗದ್ದೆ ಕಳೆದುಕೊಂಡವರ ಮನೆಗಳಿಗೆ ಎಷ್ಟೋ ವರ್ಷ ಕರೆಂಟೇ ಇರಲಿಲ್ಲ. ನಾನು ಚಿಕ್ಕವನಿದ್ದಾಗ ಅಜ್ಜಿ ಮನೆಯಲ್ಲಿ ಉರಿಯುತ್ತಿದ್ದದ್ದು ಚಿಮಣಿ ಬುಡ್ಡಿ. ನಮಗೆ ಅದೂ ಚಂದ ಅನ್ನಿಸುತ್ತಿತ್ತು, ಗೋಡೆ ಮೇಲೆ ಕೈ ನೆರಳಿನಲ್ಲಿ ಮೊಲ ಮಾಡಬಹುದಲ್ವಾ.

ನನ್ನ ತಲೆಯಲ್ಲಿರುವ ಲಾಂಚ್ ಹೀಗಿದೆ. ಡೀಸೆಲ್ ವಾಸನೆ. ಬಾಳೆಗೊನೆ, ಕೋಳಿಬುಟ್ಟಿ, ಒಂದು ಸೈಕಲ್. ನೀರಿನ ನಡುವೆ ಅಲ್ಲಲ್ಲಿ ಎದ್ದು ನಿಂತ ಸತ್ತ ಮರಗಳ ಬೋಳು ತುದಿ, ಅದರ ಮೇಲೆ ನೀರುಕಾಗೆ. ಕಂಬಿ ಹಿಡಿದು ನಿಂತರೆ ಮುಖಕ್ಕೆ ತಣ್ಣಗೆ ಗಾಳಿ. 1987ರ ಬೇಸಿಗೆ ರಜೆಯಂತೂ ನನ್ನ ಪಾಲಿಗೆ ಚಿನ್ನ. ಬೇರೆ ವರ್ಷ ಹದಿನೈದು ದಿನ ಇದ್ದು ವಾಪಸ್ ಬರುತ್ತಿದ್ದೆವು. ಆ ವರ್ಷ ನನ್ನನ್ನೂ ತಂಗಿಯನ್ನೂ ಪೂರ್ತಿ ಎರಡು ತಿಂಗಳು ಅಲ್ಲೇ ಬಿಟ್ಟಿದ್ದರು. ನನಗೆ ಹತ್ತು ವರ್ಷ. ಕಾಟು ಮಾವಿನಹಣ್ಣು, ಅಪ್ಪೆಹುಳಿ, ಹಲಸಿನ ಹಪ್ಪಳ, ಹಂಡೆಯ ಬಿಸಿನೀರು. ಈ ರಜೆಯ ಕಥೆಯನ್ನು ನನ್ನ ಮಗಳಿಗೆ ಎಷ್ಟು ಸಲ ಹೇಳಿದ್ದೇನೆ ಅಂದರೆ, ಈಗ ನಾನು ಬಾಯಿ ತೆಗೆದರೆ ಸಾಕು, "ಹಪ್ಪಳದ ಹಿಟ್ಟು ಕದ್ದಿದ್ದು ತಾನೇ?" ಅನ್ನುತ್ತಾಳೆ.

ಹಪ್ಪಳದ ವಿಷಯ ಬಂತು, ಅದನ್ನೇ ಸ್ವಲ್ಪ ಬಿಡಿಸಿ ನೋಡುತ್ತೇನೆ. ನನ್ನ ನೆನಪಿನಲ್ಲಿ ಹಪ್ಪಳ ಅಂದರೆ ಅಂಗಳದ ಚಾಪೆ, ಚಾಪೆ ತುಂಬ ಹಳದಿ ಚಂದ್ರರು, ಕೈಯಲ್ಲಿ ಕೋಲು ಹಿಡಿದು ಕಾಗೆ ಓಡಿಸುವ ನಾನು. ಅಷ್ಟೇ. ಚಾಪೆಯ ಮೇಲೆ ಆ ಚಂದ್ರರು ಹೇಗೆ ಬಂದವು? ಅಂಟು ಅಂಟಿನ ಹಲಸಿನಕಾಯಿ ಕೊಯ್ದು, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ, ಒಲೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು. ಆರಿದರೆ ಗಟ್ಟಿಯಾಗುತ್ತದೆ, ಹಾಗಾಗಿ ನಿಲ್ಲಿಸುವ ಹಾಗಿಲ್ಲ. ಆಮೇಲೆ ಉಂಡೆ ಕಟ್ಟಿ, ಬಾಳೆಲೆಗೆ ಎಣ್ಣೆ ಸವರಿ ಒಂದೊಂದನ್ನೇ ಒತ್ತಬೇಕು. ಬಿಸಿಲು ಏರುವ ಮುಂಚೆ ಇಷ್ಟೆಲ್ಲ ಮುಗಿಯಬೇಕೆಂದರೆ ನಾಲ್ಕು ಗಂಟೆಗೆ ಏಳಬೇಕು. ಏಳುತ್ತಿದ್ದದ್ದು ಯಾರು? ನನಗೆ ಒನಕೆಯ ಸದ್ದು ನೆನಪಿದೆ. ಒನಕೆ ಹಿಡಿದವರ ಮುಖ ನೆನಪಿಲ್ಲ. ನಾಚಿಕೆಗೇಡು, ಆದರೆ ನಿಜ.

ಇದೆಲ್ಲ ಯೋಚನೆ ಬಂದದ್ದು ಈ ಸಲ ದೀಪಾವಳಿಗೆ ಮುಂಚೆ. ಅಮ್ಮನ ಹಳೇ ಟ್ರಂಕು ಖಾಲಿ ಮಾಡುವಾಗ ರೇಷನ್ ಕಾರ್ಡು, ಯಾರದೋ ಲಗ್ನಪತ್ರಿಕೆ, ಎಲ್‌ಐಸಿ ರಸೀದಿಗಳ ಕೆಳಗೆ ಒಂದು ಇನ್‌ಲ್ಯಾಂಡ್ ಲೆಟರ್ ಸಿಕ್ಕಿತು. ನೀಲಿ ಬಣ್ಣ ಮಾಸಿತ್ತು, ಮಡಿಕೆಯಲ್ಲಿ ಹರಿದಿತ್ತು. ನನ್ನದೇ ಅಕ್ಷರ. ಮೇಲೆ ತಾರೀಕು 4-5-87. ಅದನ್ನು ಇದ್ದ ಹಾಗೇ ಇಲ್ಲಿ ಹಾಕುತ್ತೇನೆ.

"ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ, ನೀವು ಕ್ಷೇಮ ತಾನೆ. ಇಲ್ಲಿ ಟಿವಿ ಇಲ್ಲ. ಭಾನುವಾರ ರಾಮಾಯಣ ತಪ್ಪಿ ಹೋಯಿತು. ನನಗೆ ಬೆವರುಸಾಲೆ ಆಗಿದೆ. ಕಾಲಿಗೆ ಮುಳ್ಳು ಚುಚ್ಚಿ ಕೀವು ಆಗಿದೆ. ಅಜ್ಜಿ ದಿನಾ ಗಂಜಿ ಕೊಡುತ್ತಾರೆ. ರಾತ್ರಿ ಕತ್ತಲೆ. ಸಣ್ಣತ್ತೆ ರಾತ್ರಿ ಅಳುತ್ತಾರೆ. ನನಗೆ ನಿದ್ದೆ ಬರುವುದಿಲ್ಲ. ಅಪ್ಪನಿಗೆ ಹೇಳಿ ಬೇಗ ಬಂದು ಕರ್ಕೊಂಡು ಹೋಗಿ."

'ಬೇಗ' ಅನ್ನುವುದರ ಕೆಳಗೆ ಮೂರು ಗೆರೆ. ಕೊನೇ ಗೆರೆ ಎಳೆಯುವಾಗ ಪೆನ್ನು ಕಾಗದವನ್ನೇ ಹರಿದಿದೆ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನ್ನ ಬಾಲ್ಯದ ಅತಿ ಒಳ್ಳೇ ರಜೆಯ ಬಗ್ಗೆ ನಾನೇ ಕೈಯಾರೆ ಬರೆದ ಸಾಕ್ಷಿ ಇದು. ಮಾವಿನಹಣ್ಣಿನ ಸುದ್ದಿಯೇ ಇಲ್ಲ! ಲಾಂಚೂ ಇಲ್ಲ. ಅಮ್ಮನಿಗೆ ತೋರಿಸಿದರೆ, "ಹೂಂ, ನೀನು ಆಗ ದಿನಾ ಅಳ್ತಿದ್ದೆಯಂತೆ" ಅಂದು ಮತ್ತೆ ಹಿತ್ತಾಳೆ ಪಾತ್ರೆ ತಿಕ್ಕಲು ಕೂತರು. ಅತ್ತೆ ಅಳುತ್ತಿದ್ದ ಸಾಲಿನ ಬಗ್ಗೆ ಕೇಳಿದೆ. "ಅದೆಲ್ಲ ಅವಳನ್ನೇ ಕೇಳು" ಅಂದರು.

ನೆನಪು ಹೀಗೆ ಮೋಸ ಮಾಡುವುದು ನನ್ನೊಬ್ಬನಿಗೇ ಅಲ್ಲವಂತೆ. 1990ರ ದಶಕದಲ್ಲಿ ಅಮೆರಿಕದ ಕೆಲವು ಮನಶ್ಶಾಸ್ತ್ರಜ್ಞರು ಒಂದು ಮಜವಾದ ಅಧ್ಯಯನ ಮಾಡಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಮೂರು ವಾರ ಸೈಕಲ್ ತುಳಿಯಲು ಹೊರಟವರನ್ನು ಹೊರಡುವ ಮುಂಚೆ, ದಾರಿಯಲ್ಲಿ, ಬಂದ ಮೇಲೆ ಹೀಗೆ ಮೂರೂ ಹೊತ್ತು ಹೇಗನ್ನಿಸುತ್ತಿದೆ ಅಂತ ಕೇಳಿದರು. ಹೊರಡುವ ಮುಂಚೆ ಭಾರೀ ಉತ್ಸಾಹ. ದಾರಿಯಲ್ಲಿ ಮಳೆ, ಸುಸ್ತು, ಗೊಣಗಾಟ. ಮನೆಗೆ ಬಂದು ಸ್ವಲ್ಪ ದಿನ ಆಗುವಷ್ಟರಲ್ಲಿ ಮತ್ತೆ "ಆಹಾ, ಎಂಥಾ ಪ್ರವಾಸ!" ಅವರಿಗೆ ಮರೆಯಲು ಕೆಲವೇ ವಾರ ಸಾಕಾಯಿತು. ನನಗೆ ಮೂವತ್ತೆಂಟು ವರ್ಷ ಸಿಕ್ಕಿತ್ತು, ಕೇಳಬೇಕಾ.

ಇನ್ನೊಂದು ತಮಾಷೆ ಇದೆ. ನಾಸ್ಟಾಲ್ಜಿಯಾ ಅನ್ನುವ ಪದವನ್ನು ಕಟ್ಟಿದ್ದು 1688ರಲ್ಲಿ, ಯೋಹಾನೆಸ್ ಹೋಫರ್ ಅನ್ನುವ ಸ್ವಿಸ್ ವೈದ್ಯ ವಿದ್ಯಾರ್ಥಿ. ಪರದೇಶದಲ್ಲಿ ಊರು ನೆನೆದು ಊಟ ನಿದ್ದೆ ಬಿಟ್ಟವರ ಕಾಯಿಲೆಗೆ ಅವನು ಇಟ್ಟ ಹೆಸರು ಅದು. ಆ ಲೆಕ್ಕದಲ್ಲಿ ನನಗೆ ಹತ್ತನೇ ವಯಸ್ಸಿಗೇ ಆ ಕಾಯಿಲೆ ಬಂದಿತ್ತು. ದಿಕ್ಕು ಮಾತ್ರ ಉಲ್ಟಾ. ತುಮರಿಯಲ್ಲಿ ಕೂತು ಬೆಂಗಳೂರಿಗೆ ಅಳುತ್ತಿದ್ದೆ, ಈಗ ಬೆಂಗಳೂರಲ್ಲಿ ಕೂತು ತುಮರಿಗೆ ಅಳುತ್ತೇನೆ.

ನಮ್ಮ ಅಜ್ಜಿಗೂ ಇದು ಇತ್ತು. ಲಾಂಚಿನಲ್ಲಿ ಹೋಗುವಾಗ ನೀರಿನ ಕಡೆ ಕೈ ಮಾಡಿ, "ಅಲ್ಲಿ, ಅದರ ಕೆಳಗೆ ನಮ್ಮ ತೋಟ. ಎಂಥಾ ಊರು ಅದು, ಬಂಗಾರ" ಅನ್ನುತ್ತಿದ್ದರು. ಅದೇ ಊರಲ್ಲಿ ವರ್ಷಾ ವರ್ಷಾ ಚಳಿಜ್ವರ ಬಂದು ಮನೆಮಂದಿಯೆಲ್ಲ ಕಂಬಳಿ ಹೊದ್ದು ಮಲಗುತ್ತಿದ್ದದ್ದನ್ನು ಹೇಳುತ್ತಿದ್ದವರು ಅಜ್ಜ. ಅಜ್ಜಿ ಒಂದು ದಿನವೂ ಅದರ ಮಾತೆತ್ತಲಿಲ್ಲ. ಆದರೆ ಅಜ್ಜಿಯ ಹಳಹಳಿಕೆಯನ್ನೂ ನನ್ನದನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಿಲ್ಲ. ಅವರ ಊರನ್ನು ಕಿತ್ತುಕೊಂಡರು. ನಾನು ಬಿಟ್ಟು ಬಂದೆ, ಅದೂ ಸಂಬಳಕ್ಕೆ.

ನವೆಂಬರಿನಲ್ಲಿ ಎರಡು ದಿನ ರಜೆ ಹಾಕಿ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಮೇಲೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವ ಜನ. ಮಗಳು ಕಿಟಕಿಯಿಂದ ನೀರು ನೋಡಿ "ಸಖತ್ ಆಗಿದೆ" ಅಂದಳು. ನಾನು "ಲಾಂಚಲ್ಲಾದರೆ..." ಅಂತ ಶುರು ಮಾಡಿದವನು ಸುಮ್ಮನಾದೆ.

ಸಣ್ಣತ್ತೆ ಅಡುಗೆಮನೆಯಲ್ಲಿದ್ದರು. ಈಗ ಅಲ್ಲಿ ಗ್ಯಾಸು, ಮಿಕ್ಸಿ, ಗೋಡೆಗೆ ಟೈಲ್ಸ್. ಬಚ್ಚಲಲ್ಲಿ ಗೀಸರ್. ಹಂಡೆ ಕೊಟ್ಟಿಗೆಯ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಅದನ್ನು ನೋಡಿ ನನ್ನ ಮುಖದಲ್ಲಿ ಏನೋ ಕಂಡಿರಬೇಕು. "ಆ ಹಂಡೆ ತುಂಬೋಕೆ ಬಾವಿಯಿಂದ ಹದಿನಾರು ಕೊಡ ನೀರು ಬೇಕಿತ್ತು. ದಿನಕ್ಕೆ ಎರಡು ಸಲ. ಲೆಕ್ಕ ಇನ್ನೂ ಬಾಯಿಗೆ ಬರ್ತದೆ ನೋಡು" ಅಂದರು. ಕಾಗದ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಗಂಜಿಯ ಸಾಲಿಗೆ ಜೋರಾಗಿ ನಕ್ಕರು. "ಹೊಟ್ಟೆ ಕೆಡಿಸ್ಕೊಂಡು ಕೂತಿದ್ದೆ, ಇನ್ನೇನು ಪಾಯಸ ಕೊಡ್ಬೇಕಿತ್ತಾ?" ಆಮೇಲೆ ಮುಂದಿನ ಸಾಲಿಗೆ ಬಂದು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

"ನಿಂಗೆ ಗೊತ್ತಾಗಿತ್ತಾ?"

"ಬರ್ದಿದೀನಲ್ಲ ಅತ್ತೆ. ಆದ್ರೆ ಮರೆತೇ ಹೋಗಿತ್ತು. ಯಾಕೆ ಅಂತ ಆಗ್ಲೂ ಗೊತ್ತಿರಲಿಲ್ಲ."

ಅವರು ಹೇಳಿದ್ದನ್ನು ನಾನು ಚುಟುಕಾಗಿ ಬರೆಯುತ್ತೇನೆ, ಅವರೂ ಹಾಗೇ ಹೇಳಿದ್ದು. ಮೊದಲ ಬಸುರಿ, ಏಳು ತಿಂಗಳು. ತವರಿಗೆ ಕಳಿಸಲು ಇನ್ನೂ ದಿನವಿತ್ತು. ಏಪ್ರಿಲ್ಲಿನ ಒಂದು ರಾತ್ರಿ ನೋವು ಶುರುವಾಯಿತು. ಕೊನೇ ಲಾಂಚ್ ಹೋಗಿ ಎಷ್ಟೋ ಹೊತ್ತಾಗಿತ್ತು. ಮಾವ ಲಾಟೀನು ಹಿಡಿದು ದೋಣಿ ಹುಡುಕಲು ಹೋದರು, ಸಿಗಲಿಲ್ಲ. ಮಗು ಮನೆಯಲ್ಲೇ ಹುಟ್ಟಿತು, ಬೆಳಗಿನ ತನಕ ಉಳಿಯಲಿಲ್ಲ. ಅತ್ತೆಯನ್ನು ಮೊದಲ ಲಾಂಚಿನಲ್ಲಿ ಪೇಟೆ ಆಸ್ಪತ್ರೆಗೆ ಸೇರಿಸಿದರು. ಆ ವರ್ಷಗಳಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 90ಕ್ಕೂ ಹೆಚ್ಚು ಮಕ್ಕಳು ವರ್ಷ ತುಂಬುವ ಮುಂಚೆ ಸಾಯುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿದಿತ್ತು. ಈ ಅಂಕಿಗಳನ್ನು ನಾನು ಮೊದಲೂ ಎಲ್ಲೋ ಓದಿದ್ದೆ. ನಮ್ಮ ಮನೆಯ ಜಗಲಿಯಲ್ಲೇ ಅವುಗಳಲ್ಲಿ ಒಂದು ಇತ್ತು ಅಂತ ಗೊತ್ತಿರಲಿಲ್ಲ.

"ಸೇತುವೆ ಇದ್ದಿದ್ರೆ ಉಳೀತಿತ್ತಾ, ಯಾರಿಗೆ ಗೊತ್ತು" ಅಂದರು ಅತ್ತೆ. "ನೋಡೋಕಾದ್ರೂ ಒಬ್ರು ಡಾಕ್ಟ್ರು ಇರ್ತಿದ್ರು."

ನಾನು ಏನೂ ಮಾತಾಡಲಿಲ್ಲ. ಅವರೇ ಮತ್ತೆ ಹೇಳಿದರು. "ಮನೆ ಬಿಕೋ ಅಂತಿತ್ತು. ಮಕ್ಕಳ ಗಲಾಟೆ ಇದ್ರೆ ನಾನು ಸ್ವಲ್ಪ ಸರಿ ಹೋಗ್ತೀನಿ ಅಂತ ನಿಮ್ಮಜ್ಜಿಯೇ ಕಾಗದ ಬರೆದು ನಿಮ್ಮಿಬ್ರನ್ನೂ ಕರೆಸಿದ್ದು. ಅದಕ್ಕೇ ಎರಡು ತಿಂಗಳು ಬಿಟ್ಟಿದ್ರು. ಹಪ್ಪಳವೂ ಆ ವರ್ಷ ಜಾಸ್ತಿ ಮಾಡಿದ್ವಿ. ಕೈಗೆ ಕೆಲಸ ಬೇಕಿತ್ತು ನಂಗೆ."

ಒನಕೆ ಹಿಡಿದವರ ಮುಖ ನೆನಪಿಲ್ಲ ಅಂತ ಮೇಲೆ ಬರೆದೆನಲ್ಲ. ಅದು ಇವರೇ. ಆಗ ಇಪ್ಪತ್ತೊಂದು ವರ್ಷ.

ನಾನು ಹಿಟ್ಟು ಕದ್ದದ್ದು ಅವರಿಗೆ ನೆನಪಿದೆಯಾ ಅಂತ ಕೇಳಿದೆ. ಇಲ್ಲವಂತೆ. "ನೀನು ಎಲ್ಲಿ ಕದ್ದೆ? ನಾನೇ ಉಂಡೆ ಕಟ್ಟಿ ಒಲೆ ಪಕ್ಕ ಇಡ್ತಿದ್ದೆ, ನೀನು ಬಂದು ತಗೊಂಡು ಓಡ್ತಿದ್ದೆ." ಮಗಳು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಹೊರಗೆ ಕತ್ತಲಾಗಿತ್ತು. ಅಭ್ಯಾಸಬಲದಿಂದ ಗಡಿಯಾರ ನೋಡಿ ಎದ್ದೆ. ಆ ಮನೆಗೆ ಬಂದ ನೆಂಟರು ನಾಲ್ಕು ಗಂಟೆಗೇ ಚೀಲ ಕಟ್ಟುತ್ತಿದ್ದರು, ಅರ್ಧ ಮಾತು ಬಿಟ್ಟು ಹೊಳೆ ಕಡೆ ಓಡುತ್ತಿದ್ದರು.

"ಎಲ್ಲಿಗೆ ಏಳ್ತೀಯ, ಕೂತ್ಕೋ" ಅಂದರು ಅತ್ತೆ. "ಅಪ್ಪೆಹುಳಿ ಮಾಡಿದೀನಿ. ಊಟ ಮಾಡ್ಕೊಂಡು ಹೋದ್ರಾಯ್ತು."

ರಾತ್ರಿ ಒಂಬತ್ತೂವರೆಗೆ ಹೊರಟೆವು. ಸೇತುವೆ ದಾಟಲು ಮೂರು ನಿಮಿಷ ಹಿಡಿಯಿತು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು, ಮಡಿಲಲ್ಲಿ ಅತ್ತೆ ಕೊಟ್ಟ ಹಪ್ಪಳದ ಡಬ್ಬಿ.