ಚೈನು ತೋರಿಸಿದ ದಾರಿ: ಸರ್ಬಿಟನ್ನಿನ ಕೂಪರ್ ಗ್ಯಾರೇಜು

ಬ್ರಿಟನ್ನಿನ ಚಾರ್ಲ್ಸ್ ಕೂಪರ್ ಮತ್ತು ಮಗ ಜಾನ್ ಕಟ್ಟಿದ ಕೂಪರ್ ರೇಸ್ ಕಾರುಗಳ ಮಾತು ಬಂದಾಗಲೆಲ್ಲ "ಎಂಜಿನ್ನನ್ನು ಹಿಂದಕ್ಕಿಟ್ಟು ಗ್ರಾಂಡ್ ಪ್ರಿ ರೇಸನ್ನೇ ಬದಲಾಯಿಸಿದವರು" ಎಂದು ಹೇಳಿ ಮುಗಿಸಿಬಿಡುತ್ತಾರೆ. ಯಾಕೆ ಹಿಂದಕ್ಕಿಟ್ಟರು ಎಂಬುದು ಅದಕ್ಕಿಂತ ರುಚಿಕಟ್ಟಾದ ವಿಷಯ. 1930ರ ದಶಕದಲ್ಲೇ ಜರ್ಮನಿಯ ಆಟೊ ಯೂನಿಯನ್ ದೊಡ್ಡ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಇಟ್ಟಿತ್ತು. ಕೂಪರ್‌ಗಳು ಅದನ್ನು ನೋಡಿ ಕಲಿತವರಲ್ಲ. ಅವರಿಗೆ ದಾರಿ ತೋರಿಸಿದ್ದು ಮೋಟರ್‌ಸೈಕಲ್ಲಿನ ಚೈನು.

ಲಂಡನ್ನಿನ ನೈರುತ್ಯಕ್ಕಿರುವ ಸರ್ಬಿಟನ್ನಿನಲ್ಲಿ ಚಾರ್ಲ್ಸ್ ಕೂಪರ್ ಗ್ಯಾರೇಜು ಇಟ್ಟಿದ್ದರು. ಕೇ ಡಾನ್ ಎಂಬ ರೇಸ್ ಚಾಲಕನಿಗೆ ಮೆಕ್ಯಾನಿಕ್ ಆಗಿ ದುಡಿದ ಕೈ ಅವರದು. 1923ರಲ್ಲಿ ಹುಟ್ಟಿದ ಮಗ ಜಾನ್‌ಗೆ ಹುಡುಗನಾಗಿದ್ದಾಗಲೇ ಆಸ್ಟಿನ್ ಸೆವೆನ್ ಭಾಗಗಳಿಂದ ಒಂದು ಪುಟ್ಟ ರೇಸ್ ಕಾರು ಕಟ್ಟಿಕೊಟ್ಟಿದ್ದರು. ಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್, ಉಕ್ಕಿಗೆ ಬರ. ಬ್ರಿಸ್ಟಲ್ಲಿನ ಕೆಲವು ಹವ್ಯಾಸಿಗಳು 500 ಸಿಸಿ ಮೋಟರ್‌ಸೈಕಲ್ ಎಂಜಿನ್ ಹಾಕಿ ಅಗ್ಗದಲ್ಲಿ ರೇಸ್ ಮಾಡುವ ಯೋಚನೆ ಮುಂದಿಟ್ಟರು. 1946ರಲ್ಲಿ ಜಾನ್ ಮತ್ತು ಗೆಳೆಯ ಎರಿಕ್ ಬ್ರ್ಯಾಂಡನ್ ಅದಕ್ಕೆ ಕೈ ಹಾಕಿದರು.

ಬೇಕಾಗಿದ್ದು ಹಗುರವಾದ, ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್ ಇರುವ ಷಾಸಿ, ಅಂದರೆ ಕಾರಿನ ಚೌಕಟ್ಟು. ಫಿಯೆಟ್ 500, ಅಂದರೆ ಟೊಪೊಲಿನೊ ಕಾರಿನ ಮುಂಭಾಗದಲ್ಲಿ ಅದು ಸಿದ್ಧವಾಗಿತ್ತು: ಮೇಲೆ ಅಡ್ಡಡ್ಡ ಹಾಯ್ದ ಒಂದೇ ಲೀಫ್ ಸ್ಪ್ರಿಂಗು, ಕೆಳಗೆ ಎರಡೂ ಕಡೆ ಚಕ್ರವನ್ನು ಹಿಡಿಯುವ ಕವಲು ತೋಳು, ಅಂದರೆ ವಿಶ್‌ಬೋನು. ಹಿಂಭಾಗ ಅವರಿಗೆ ಬೇಡ. ಹಾಗಾಗಿ ಎರಡು ಟೊಪೊಲಿನೊಗಳ ಮುಂಭಾಗವನ್ನು ಕತ್ತರಿಸಿ, ಬೆನ್ನಿಗೆ ಬೆನ್ನು ಕೊಟ್ಟು ಬೆಸುಗೆ ಹಾಕಿದರು. ಸ್ಪ್ರಿಂಗು, ವಿಶ್‌ಬೋನು ಎಲ್ಲ ಒಂದೇ ಗಾಡಿಯ ಭಾಗಗಳಾದ್ದರಿಂದ ಮುಂದೆ ಮುರಿದರೂ ಹಿಂದೆ ಮುರಿದರೂ ಗುಜರಿಯಲ್ಲಿ ಹುಡುಕಬೇಕಾದ್ದು ಒಂದೇ ಸಾಮಾನು. ಗ್ಯಾರೇಜಿನವರ ಲೆಕ್ಕಾಚಾರ ಅಂದರೆ ಇದು.

ಎಂಜಿನ್ನು ಜೆಎಪಿ ಕಂಪನಿಯ ಸ್ಪೀಡ್‌ವೇ ಸಿಂಗಲ್, ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಿಗೆಂದು ಮಾಡಿದ ಒಂಟಿ ಸಿಲಿಂಡರಿನದು. ಬೋರ್ (ಸಿಲಿಂಡರಿನ ಅಗಲ) 80 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 99 ಮಿಮೀ, ಸುಮಾರು 498 ಸಿಸಿ. ಮೋಟರ್‌ಸೈಕಲ್ಲಿನಲ್ಲಿ ಎಂಜಿನ್ನಿಂದ ಗೇರ್‌ಬಾಕ್ಸಿಗೆ ಒಂದು ಚೈನು, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಇನ್ನೊಂದು. ಎಂಜಿನ್ನನ್ನು ಮುಂದಿಟ್ಟರೆ ಎರಡನೆಯ ಚೈನು ಚಾಲಕನ ಪಕ್ಕದಲ್ಲಿ ಉದ್ದಕ್ಕೂ ಓಡಬೇಕು, ಇಲ್ಲವೇ ಪ್ರೊಪೆಲ್ಲರ್ ಶಾಫ್ಟು, ಬೆವೆಲ್ ಗೇರು ಹೊಸದಾಗಿ ಮಾಡಿಸಬೇಕು. ಅದೇ ಚಾಲಕನ ಬೆನ್ನ ಹಿಂದಿಟ್ಟರೆ ಮೊಳಕ್ಕಿಂತ ಉದ್ದದ ಚೈನು ಬೇಕಾಗುವುದಿಲ್ಲ. ಅಷ್ಟೇ ಕಾರಣ. ಚೈನು ತಿರುಗಿಸುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ಟು, ಷಾಸಿಗೇ ಬಿಗಿದಿದ್ದು, ಅಲ್ಲಿಂದ ಕೀಲುಗಳಿರುವ ಎರಡು ಶಾಫ್ಟುಗಳು ಚಕ್ರಗಳಿಗೆ ಹೋಗುತ್ತಿದ್ದವು. ಹಾಗಾಗಿ ಚಕ್ರ ಗುಂಡಿಗೆ ಬಿದ್ದು ಎದ್ದರೂ ಚೈನಿನ ಬಿಗಿ ಬದಲಾಗುತ್ತಿರಲಿಲ್ಲ. ಹಿಂದಿನ ತಲೆಮಾರಿನ ಎಷ್ಟೋ ಚೈನ್ ಕಾರುಗಳು ಇಲ್ಲೇ ಸೋತಿದ್ದವು. ಇಡೀ ಕಾರಿನಲ್ಲಿ ನನಗೆ ಅತ್ಯಂತ ಇಷ್ಟವಾಗುವ ಜಾಗವೂ ಇದೇ.

ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಅಂದರೆ ಡಿಫರೆನ್ಷಿಯಲ್, ಇರಲಿಲ್ಲ. ತೂಕ ಉಳಿಯಿತು, ಆದರೆ ತಿರುವಿನಲ್ಲಿ ಒಳಗಿನ ಚಕ್ರವೂ ಹೊರಗಿನದರಷ್ಟೇ ತಿರುಗುವುದರಿಂದ ಕಾರಿನ ಮೂತಿ ಹೊರಕ್ಕೆ ಜಾರುತ್ತದೆ. ಚಾಲಕ ಬಾಲವನ್ನು ಬೇಕೆಂದೇ ಜಾರಿಸಿ ತಿರುಗಿಸಬೇಕು. ಕಾರು ಹಗುರವಾದ್ದರಿಂದ ನಡೆಯಿತು.

ತೊಂದರೆ ಕೊಟ್ಟದ್ದು ಎಂಜಿನ್ನಿನ ಹುಟ್ಟುಗುಣ. ಸ್ಪೀಡ್‌ವೇ ರೇಸೆಂದರೆ ನಾಲ್ಕು ಸುತ್ತು, ಸುಮಾರು ಒಂದು ನಿಮಿಷ. ಅಷ್ಟಕ್ಕೆಂದು ಮಾಡಿದ ಎಂಜಿನ್ನನ್ನು ಹತ್ತಾರು ನಿಮಿಷ ಓಡಿಸಿದರೆ ಎಣ್ಣೆ ಸಾಲುವುದಿಲ್ಲ. ಒಮ್ಮೆ ಒಳಗೆ ಹೋದ ಎಣ್ಣೆ ಹೊರಗೇ ಬೀಳುವ ಏರ್ಪಾಡು ಅದರದು. ಒಂಟಿ ಸಿಲಿಂಡರಿನ ಅದುರು ಇನ್ನೊಂದು ಕಾಟ: ಎಂಜಿನ್ ಪ್ಲೇಟುಗಳು ಬಿರುಕು ಬಿಡುತ್ತವೆ, ನಟ್ಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ, ಕಾರ್ಬ್ಯುರೇಟರಿನ ತೊಟ್ಟಿಯಲ್ಲಿ ಇಂಧನ ನೊರೆಯಾಗುತ್ತದೆ. ಅದಕ್ಕೇ ಫ್ಲೋಟ್ ತೊಟ್ಟಿಯನ್ನು ಬೇರೆ ಮಾಡಿ ರಬ್ಬರಿನ ಮೇಲೆ ಕೂರಿಸುವುದು, ಪ್ರತಿ ಓಟದ ನಂತರ ಒಂದೊಂದು ನಟ್ಟಿಗೂ ಸ್ಪ್ಯಾನರ್ ಹಾಕಿ ನೋಡುವುದು, ಮುಖ್ಯ ಬೋಲ್ಟುಗಳಿಗೆ ತಂತಿ ಕಟ್ಟುವುದು.

ಇಂಧನ ಮೆಥನಾಲ್. ಆವಿಯಾಗುವಾಗ ಬಹಳ ಶಾಖ ಹೀರುವುದರಿಂದ ಗಾಳಿಯಿಂದಲೇ ತಣಿಯುವ ಎಂಜಿನ್ನಿನಲ್ಲೂ ಸಿಲಿಂಡರಿನ ಮಿಶ್ರಣವನ್ನು ಹದಿನಾಲ್ಕರ ಒಂದು ಭಾಗಕ್ಕೆ ಒತ್ತುವ 14:1ರಂಥ ಕಂಪ್ರೆಷನ್ ತಡೆಯುತ್ತದೆ. ಆದರೆ ಪೆಟ್ರೋಲಿನ ಎರಡು ಪಟ್ಟಿಗಿಂತ ಹೆಚ್ಚು ಸುರಿಯಬೇಕು, ಕಾರ್ಬ್ಯುರೇಟರಿಗೆ ಇಂಧನ ಬಿಡುವ ಜೆಟ್ಟುಗಳ ತೂತು ಅದಕ್ಕೆ ತಕ್ಕಷ್ಟು ದೊಡ್ಡದಿರಬೇಕು. ಜೆಟ್ಟು ಸಣ್ಣದಾದರೆ ಪಿಸ್ಟನ್ನೇ ತೂತಾಗುತ್ತದೆ. ತಣ್ಣಗಿದ್ದಾಗ ಎಂಜಿನ್ನು ಸುಲಭವಾಗಿ ಹತ್ತುವುದಿಲ್ಲ, ತಳ್ಳಿಯೇ ಎಬ್ಬಿಸಬೇಕು. ಮೆಥನಾಲಿಗೆ ಹೊಂದುವ ಎಣ್ಣೆ ಹರಳೆಣ್ಣೆ. ಅದು ಒಳಗೆಲ್ಲ ಅಂಟು ಬಿಡುತ್ತದೆ. ರೇಸು ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ ಪೆಟ್ರೋಲಿನಲ್ಲಿ ಸ್ವಲ್ಪ ಹೊತ್ತು ಓಡಿಸದಿದ್ದರೆ ಮುಂದಿನ ವಾರಕ್ಕೆ ಕಾರ್ಬ್ಯುರೇಟರಿನೊಳಗೆ ಬಿಳಿ ಪುಡಿ. ಇನ್ನೊಂದು ಎಚ್ಚರಿಕೆ: ಮೆಥನಾಲಿನ ಬೆಂಕಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ.

ಕಾರು ಓಡಿತು, ಬೇರೆಯವರಿಗೂ ಬೇಕೆನಿಸಿತು, ಗ್ಯಾರೇಜು ಮಾರಾಟಕ್ಕೆಂದೇ ಕಟ್ಟತೊಡಗಿತು. 1948ರಲ್ಲಿ ಕೊಂಡವರಲ್ಲಿ ಮುಂದೆ ಹೆಸರಾಂತ ರೇಸ್ ಚಾಲಕನಾದ 18 ವರ್ಷದ ಸ್ಟರ್ಲಿಂಗ್ ಮಾಸ್ ಒಬ್ಬ. 1950ರಲ್ಲಿ ಈ ವರ್ಗವೇ ಅಧಿಕೃತ ಫಾರ್ಮುಲಾ ಥ್ರೀ ಆಯಿತು. ಜೆಎಪಿಗಿಂತ ನಾರ್ಟನ್ ಮ್ಯಾಂಕ್ಸ್ ಎಂಜಿನ್ನು ಗಟ್ಟಿ ಎಂದು ಗೊತ್ತಾದ ಮೇಲೆ ಎಂಜಿನ್ನಿಗಾಗಿಯೇ ಇಡೀ ಬೈಕು ಕೊಂಡು ಬಿಚ್ಚಿದರು. ಉಳಿದ ಫ್ರೇಮುಗಳಿಗೆ ಬೇರೆಯವರು ಟ್ರಯಂಫ್ ಎಂಜಿನ್ ಹಾಕಿದಾಗ ಹುಟ್ಟಿದ್ದು ಟ್ರೈಟನ್ ಬೈಕು. 1950ರಲ್ಲೇ ಹ್ಯಾರಿ ಶೆಲ್ ಎಂಬ ಚಾಲಕ ಎರಡು ಸಿಲಿಂಡರಿನ ಜೆಎಪಿ ಹಾಕಿದ ಕೂಪರನ್ನು ಮೊನಾಕೊ ಗ್ರಾಂಡ್ ಪ್ರಿಗೆ ಇಳಿಸಿದ. ಮೊದಲ ಸುತ್ತಿನ ಸಾಲು ಡಿಕ್ಕಿಯಲ್ಲೇ ಅವನ ಓಟ ಮುಗಿಯಿತು.

ದೊಡ್ಡ ಕಾರಿಗೆ ಚೈನು ಸಾಲದು. ಕವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ ಎಂಜಿನ್ನಿಗೆ ಅವರು ಹುಡುಕಿಕೊಂಡದ್ದು ಸಿಟ್ರೊಯೆನ್ ಟ್ರ್ಯಾಕ್ಷನ್ ಅವಾಂಟ್‌ನ ಗೇರ್‌ಬಾಕ್ಸು. ಮುಂದಿನ ಚಕ್ರಗಳನ್ನು ಎಂಜಿನ್ನು ತಿರುಗಿಸುವ ಆ ಕಾರಿನಲ್ಲಿ ಗೇರ್‌ಬಾಕ್ಸು ಮುಂದೆ, ಎಂಜಿನ್ನು ಅದರ ಹಿಂದೆ. ಆ ಜೋಡಣೆಯನ್ನು ಹಾಗೇ ಹಿಂದುಮುಂದು ಮಾಡಿದರೆ ಬೇಕಾದಂತೆ ಕೂರುತ್ತದೆ, ಆದರೆ ಚಕ್ರಗಳು ಉಲ್ಟಾ ತಿರುಗುತ್ತವೆ: ಮುಂದಕ್ಕೆ ಒಂದು ಗೇರು, ಹಿಂದಕ್ಕೆ ಮೂರು! ಬಾಕ್ಸನ್ನು ತಲೆಕೆಳಗು ಮಾಡಬೇಕು, ಇಲ್ಲವೇ ಚಕ್ರದ ಶಾಫ್ಟುಗಳನ್ನು ತಿರುಗಿಸುವ ದೊಡ್ಡ ಹಲ್ಲುಚಕ್ರವನ್ನು, ಅಂದರೆ ಕ್ರೌನ್ ವೀಲನ್ನು, ಇನ್ನೊಂದು ಪಕ್ಕಕ್ಕೆ ಹಾಕಬೇಕು. ಅದಕ್ಕೂ ಮೇಲೆ, ಐವತ್ತು ಚಿಲ್ಲರೆ ಎಚ್‌ಪಿಯ ಮನೆಕಾರಿಗೆಂದು ಎರಕ ಹೊಯ್ದ ಪೆಟ್ಟಿಗೆ ಇನ್ನೂರು ದಾಟಿದಾಗ ಬಾಗುತ್ತದೆ. ಪೆಟ್ಟಿಗೆ ಬಾಗಿದರೆ ಶಾಫ್ಟುಗಳು ದೂರ ಸರಿಯುತ್ತವೆ, ಹಲ್ಲಿನ ತುದಿಯಷ್ಟೇ ಹಲ್ಲಿಗೆ ಸಿಕ್ಕಿ ಕಿತ್ತುಬರುತ್ತದೆ. ಗೇರಿಗಿಂತ ಮೊದಲು ಗಟ್ಟಿ ಮಾಡಬೇಕಾದ್ದು ಕವಚವನ್ನು.

1958ರ ಜನವರಿಯಲ್ಲಿ ಅರ್ಜೆಂಟೀನಾ ಗ್ರಾಂಡ್ ಪ್ರಿಯನ್ನು ಮಾಸ್, ರಾಬ್ ವಾಕರ್ ತಂಡದ ಎರಡು ಲೀಟರಿನೊಳಗಿನ ಕೂಪರಿನಲ್ಲಿ ಗೆದ್ದ. ಚಕ್ರಕ್ಕೆ ನಾಲ್ಕು ನಟ್ಟು; ಒಂದೇ ಏಟಿಗೆ ಬಿಚ್ಚುವ ನಡುನಟ್ಟಿಲ್ಲ. ಟೈರು ಬದಲಿಸಲು ನಿಂತರೆ ರೇಸು ಹೋದಂತೆ. ಅವನು ನಿಲ್ಲಲೇ ಇಲ್ಲ. ಕೊನೆಗೆ ಟೈರಿನ ದಾರ ಕಾಣುತ್ತಿತ್ತು. ಹಗುರ ಕಾರು ಟೈರು ತಿನ್ನುವುದು ಕಡಿಮೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 1959 ಮತ್ತು 1960ರಲ್ಲಿ ಜ್ಯಾಕ್ ಬ್ರಾಭಮ್ ಕೂಪರಿನಲ್ಲೇ ವಿಶ್ವ ಚಾಂಪಿಯನ್. 1959ರ ಕೊನೆಯ ರೇಸಿನಲ್ಲಿ ಇಂಧನ ಮುಗಿದು ಅವನು ಕಾರನ್ನು ತಳ್ಳಿಕೊಂಡೇ ಗೆರೆ ದಾಟಿದ. ಟೊಪೊಲಿನೊ ಕಾಲದಿಂದ ಬಂದ ಅಡ್ಡ ಲೀಫ್ ಸ್ಪ್ರಿಂಗನ್ನು ಹಿಂಭಾಗದಿಂದ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿದ್ದು 1960ರ ಟಿ53ರಲ್ಲಿ. ಸ್ಪ್ರಿಂಗೇ ಚಕ್ರವನ್ನು ಹಿಡಿದಿಡುವ ತೋಳೂ ಆದರೆ ಎರಡೂ ಕೆಲಸ ಅರೆಬರೆ. ಆ ಬದಲಾವಣೆ ಬೇಗ ಆಗಬೇಕಿತ್ತು ಎಂದೇ ನನ್ನ ಅಭಿಪ್ರಾಯ.

1961ರ ಮಿನಿ ಕೂಪರ್ ಎಲ್ಲರಿಗೂ ಗೊತ್ತು: ಪುಟ್ಟ ಮಿನಿ ಕಾರಿನ 848 ಸಿಸಿ ಎಂಜಿನ್ನನ್ನು ಸ್ಟ್ರೋಕ್ ಉದ್ದ ಮಾಡಿ 997ಕ್ಕೆ ಏರಿಸಿ, ಎರಡು ಎಸ್‌ಯು ಕಾರ್ಬ್ಯುರೇಟರು, ಮುಂದೆ ಏಳಿಂಚಿನ ಡಿಸ್ಕ್ ಬ್ರೇಕು, 55 ಎಚ್‌ಪಿ. ಚಾರ್ಲ್ಸ್ 1964ರಲ್ಲಿ ತೀರಿಕೊಂಡರು, ಮರುವರ್ಷ ರೇಸಿಂಗ್ ತಂಡ ಬೇರೆಯವರ ಕೈಗೆ ಹೋಯಿತು. ಜಾನ್ ಸಸೆಕ್ಸಿನ ಫೆರಿಂಗ್‌ಗೆ ಹೋಗಿ ಮತ್ತೆ ಗ್ಯಾರೇಜು ತೆರೆದರು.