ಪರದೇಶದ ಮೊದಲ ದಿನ ಮತ್ತು ಸ್ವೈಪ್ ಮಷಿನ್ ಕೇಳುವ ಪ್ರಶ್ನೆ

ವಿಮಾನ ಇಳಿದು ಹೊರಬರುವ ದಾರಿಯಲ್ಲಿ ಮೊದಲು ಎದುರಾಗುವುದೇ ಹಣ ಬದಲಿಸುವ ಕೌಂಟರು. ‘ಕಮಿಷನ್ ಇಲ್ಲ’ ಎಂಬ ಬೋರ್ಡು ದೊಡ್ಡದಾಗಿ ಹೊಳೆಯುತ್ತಿರುತ್ತದೆ. ಅದು ಸುಳ್ಳೇನಲ್ಲ. ಕಮಿಷನ್ನನ್ನು ಬೇರೆಯಾಗಿ ಕೇಳುವುದಿಲ್ಲ, ದರದೊಳಗೇ ಬೆರೆಸಿಟ್ಟಿರುತ್ತಾರೆ, ಅಷ್ಟೆ. ಪಟ್ಟಿಯಲ್ಲಿ ಕೊಳ್ಳುವ ದರ, ಮಾರುವ ದರ ಎಂದು ಎರಡು ಸಾಲು ಇರುತ್ತವಲ್ಲ, ಅವೆರಡರ ನಡುವಿನ ಅಂತರವೇ ಅವರ ಸಂಪಾದನೆ. 95ಕ್ಕೆ ಕೊಂಡು 105ಕ್ಕೆ ಮಾರುವ ಕೌಂಟರಿನಲ್ಲಿ 1,000 ಕೊಟ್ಟು ಬದಲಿಸಿ, ನಿಂತ ಕಾಲಲ್ಲೇ ವಾಪಸ್ ಬದಲಿಸಿದರೆ ಕೈಗೆ ಬರುವುದು ಸುಮಾರು 905. ಊರೊಳಗೆ ಹೋಗುವುದಕ್ಕೆ ತೀರಾ ಬೇಕಾದಷ್ಟನ್ನು ಬಿಟ್ಟು ಇಲ್ಲಿ ಹೆಚ್ಚು ಬದಲಿಸಬೇಡಿ.

ನಗದಿಗೆ ಎಟಿಎಂ ಮೇಲು. ಅದರಲ್ಲೂ ಬ್ಯಾಂಕಿನ ಶಾಖೆಗೆ ಅಂಟಿಕೊಂಡಿರುವ ಎಟಿಎಂ. ಪ್ರವಾಸಿಗರು ಓಡಾಡುವ ಬೀದಿಗಳಲ್ಲಿ ಯಾವ ಬ್ಯಾಂಕಿಗೂ ಸೇರದ ಒಂಟಿ ಯಂತ್ರಗಳಿರುತ್ತವೆ, ಅವುಗಳ ಶುಲ್ಕ ಸಾಮಾನ್ಯವಾಗಿ ಜಾಸ್ತಿ. ಎಟಿಎಂನಲ್ಲಿ ಮೂರು ಕಡೆ ದುಡ್ಡು ಸೋರಬಹುದು: ಯಂತ್ರದ ಮಾಲೀಕರ ಶುಲ್ಕ, ನಿಮ್ಮ ಬ್ಯಾಂಕು ಪ್ರತಿ ಸಲಕ್ಕೆ ಹಾಕುವ ಶುಲ್ಕ, ಇವೆರಡರ ಜೊತೆಗೆ ಶೇಕಡಾವಾರು ಕರೆನ್ಸಿ ಮಾರ್ಕಪ್, ಅಂದರೆ ವಿನಿಮಯ ದರದ ಮೇಲೆ ಬ್ಯಾಂಕು ಸೇರಿಸುವ ಹೆಚ್ಚುವರಿ. ಮೊದಲಿನ ಎರಡು ಸಾಮಾನ್ಯವಾಗಿ ಸಲದ ಲೆಕ್ಕ, ಮೊತ್ತದ ಲೆಕ್ಕವಲ್ಲ. ಹಾಗಾಗಿ 50ರಂತೆ ನಾಲ್ಕು ಸಲ ತೆಗೆಯುವ ಬದಲು 200 ಒಂದೇ ಸಲ ತೆಗೆದರೆ ಆ ಶುಲ್ಕ ಕಾಲುಭಾಗಕ್ಕೆ ಇಳಿಯುತ್ತದೆ. ಕ್ರೆಡಿಟ್ ಕಾರ್ಡಿನಿಂದ ಮಾತ್ರ ನಗದು ತೆಗೆಯಬೇಡಿ. ಅದು ಸಾಲದ ಲೆಕ್ಕಕ್ಕೆ ಹೋಗುತ್ತದೆ, ಬಡ್ಡಿ ಸಾಮಾನ್ಯವಾಗಿ ಅವತ್ತಿನಿಂದಲೇ ಶುರು.

ಪಿನ್ ಒತ್ತಿ, ಮೊತ್ತ ಹಾಕಿದ ಮೇಲೆ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ. ನಿಮ್ಮ ಸ್ವಂತ ಕರೆನ್ಸಿಯಲ್ಲಿ ಇಷ್ಟಾಗುತ್ತದೆ, ದರ ಖಚಿತ, ಒಪ್ಪುತ್ತೀರಾ? ಒಂದು ಕಡೆ ‘ಅಕ್ಸೆಪ್ಟ್ ಕನ್ವರ್ಷನ್’, ಇನ್ನೊಂದು ಕಡೆ ‘ಡಿಕ್ಲೈನ್ ಕನ್ವರ್ಷನ್’. ಡಿಕ್ಲೈನ್ ಒತ್ತಿದರೆ ವ್ಯವಹಾರವೇ ರದ್ದಾಗಿ ಕಾರ್ಡು ಹೊರಬಂದೀತು ಎಂದು ಎಷ್ಟೋ ಜನ ಅಳುಕಿ ಅಕ್ಸೆಪ್ಟ್ ಒತ್ತಿಬಿಡುತ್ತಾರೆ. ರದ್ದಾಗುವುದು ಕನ್ವರ್ಷನ್ ಮಾತ್ರ, ನೋಟು ಬಂದೇ ಬರುತ್ತದೆ. ಧೈರ್ಯವಾಗಿ ಡಿಕ್ಲೈನ್ ಒತ್ತಿ.

ಇದರ ಹೆಸರು ಡೈನಮಿಕ್ ಕರೆನ್ಸಿ ಕನ್ವರ್ಷನ್, ಚಿಕ್ಕದಾಗಿ ಡಿಸಿಸಿ. ಒಪ್ಪಿಕೊಂಡರೆ ದರ ನಿಗದಿ ಮಾಡುವವರು ಯಂತ್ರದ ಕಡೆಯವರು, ತಮ್ಮ ಲಾಭ ಸೇರಿಸಿಯೇ ಮಾಡುತ್ತಾರೆ. ಒಪ್ಪದೆ ಸ್ಥಳೀಯ ಕರೆನ್ಸಿ ಆರಿಸಿದರೆ ನಿಮ್ಮ ಕಾರ್ಡು ಸೇರಿರುವ ಜಾಲದ, ಅಂದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ದರ ಬೀಳುತ್ತದೆ. ಅದು ಬ್ಯಾಂಕುಗಳ ನಡುವಿನ ಸಗಟು ಮಾರುಕಟ್ಟೆಯ ದರಕ್ಕೆ ಬಹಳ ಹತ್ತಿರ. ಅದರ ಮೇಲೆ ನಿಮ್ಮ ಬ್ಯಾಂಕಿನ ಮಾರ್ಕಪ್ ಇದ್ದರೆ ಅದೊಂದು. ‘ಸ್ವಂತ ಕರೆನ್ಸಿ ಆರಿಸಿದರೆ ಆ ಮಾರ್ಕಪ್ಪಾದರೂ ಉಳಿಯುತ್ತದಲ್ಲ’ ಎಂಬ ಲೆಕ್ಕಾಚಾರ ಅನೇಕ ಸಲ ಕೈಕೊಡುತ್ತದೆ. ಅಂಗಡಿ ಹೊರದೇಶದ್ದು ಎಂಬ ಒಂದೇ ಕಾರಣಕ್ಕೆ ಶುಲ್ಕ ಹಾಕುವ ಬ್ಯಾಂಕುಗಳಿವೆ. ಆಗ ಅಲ್ಲೂ ಕೊಟ್ಟಂತಾಯಿತು, ಇಲ್ಲೂ ಕೊಟ್ಟಂತಾಯಿತು. ಯುರೋಪಿಯನ್ ಒಕ್ಕೂಟದಲ್ಲಿ 2020ರ ಏಪ್ರಿಲ್‌ನಿಂದ ಈ ಡಿಸಿಸಿ ದರ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರಕ್ಕಿಂತ ಶೇಕಡಾ ಎಷ್ಟು ಹೆಚ್ಚು ಎಂದು ಮೊದಲೇ ತೋರಿಸಬೇಕೆಂಬ ನಿಯಮವಿದೆ. ಆ ಅಂಕಿ ಕಂಡರೆ ಬೇರೆ ಬುದ್ಧಿವಾದ ಬೇಕಾಗುವುದಿಲ್ಲ.

ಮಧ್ಯಾಹ್ನ ಹೋಟೆಲಿನಲ್ಲಿ ಊಟ ಮುಗಿಸಿದಾಗ ಇದೇ ಪ್ರಶ್ನೆ ಪುಟ್ಟ ಸ್ವೈಪ್ ಮಷಿನ್ನಿನಲ್ಲಿ ಬರುತ್ತದೆ. ಇಲ್ಲಿ ತೊಡಕೆಂದರೆ, ಬಿಲ್ಲು ತಂದವರೇ ಅಭ್ಯಾಸಬಲದಿಂದ ಗುಂಡಿ ಒತ್ತಿ ಮಷಿನ್ ಕೊಡುವುದುಂಟು. ಆಯ್ಕೆ ಗಿರಾಕಿಯದೇ ಆಗಬೇಕು ಎಂಬುದು ವೀಸಾ, ಮಾಸ್ಟರ್‌ಕಾರ್ಡ್ ಎರಡರ ನಿಯಮವೂ ಹೌದು. ಪಿನ್ ಹಾಕುವ ಮುಂಚೆ ಮೊತ್ತದ ಪಕ್ಕದಲ್ಲಿರುವ ಕರೆನ್ಸಿಯ ಮೂರು ಅಕ್ಷರ ನೋಡಿ. ಚೀಟಿಯಲ್ಲಿ ಎರಡು ಕರೆನ್ಸಿ, ನಡುವೆ ಒಂದು ದರ ಅಚ್ಚಾಗಿದ್ದರೆ ಕನ್ವರ್ಷನ್ ಆಗಿಹೋಗಿದೆ ಎಂದೇ ಅರ್ಥ. ಎದ್ದು ಹೋಗುವ ಮೊದಲೇ ಆ ಪಾವತಿಯನ್ನು ವಾಯ್ಡ್ ಮಾಡಿಸಿ, ಅಂದರೆ ರದ್ದು ಮಾಡಿಸಿ, ಸ್ಥಳೀಯ ಕರೆನ್ಸಿಯಲ್ಲಿ ಮತ್ತೆ ಹಾಕಿಸಿ. ಮರುದಿನ ರೀಫಂಡ್ ಕೇಳಿದರೆ ಅದು ಬೇರೆ ದಿನದ ದರದಲ್ಲಿ ಬರಬಹುದು, ಕೊಟ್ಟಷ್ಟು ಪೂರ್ತಿ ಸಿಗದೆಯೂ ಹೋಗಬಹುದು. ಫೋನ್ ತಾಗಿಸಿ ಪಾವತಿಸಿದರೂ ಶುಲ್ಕ ಅದರ ಹಿಂದಿರುವ ಕಾರ್ಡಿನದೇ.

ತಂಗುವ ಜಾಗದಲ್ಲಿ ಚೆಕ್‌ಇನ್ ಫಾರ್ಮನ್ನು ಒಮ್ಮೆ ಓದಿಯೇ ಸಹಿ ಹಾಕಿ. ಬಿಲ್ಲನ್ನು ಸ್ವಂತ ಕರೆನ್ಸಿಗೆ ಪರಿವರ್ತಿಸಲು ಒಪ್ಪಿಗೆ ಎಂಬ ಸಾಲು ಸಣ್ಣಕ್ಷರದಲ್ಲಿ ಅಡಗಿರಬಹುದು. ಡೆಪಾಸಿಟ್‌ಗೆ ಕ್ರೆಡಿಟ್ ಕಾರ್ಡೇ ವಾಸಿ. ಡೆಬಿಟ್ ಕೊಟ್ಟರೆ ಖಾತೆಯ ದುಡ್ಡೇ ದಿನಗಟ್ಟಲೆ ಹಿಡಿದಿಟ್ಟಂತಾಗುತ್ತದೆ.

ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡ್ ನಂಬಿ ಹೊರಟವರಿಗೂ ಒಂದು ಮಾತು. ಡಾಲರ್ ತುಂಬಿಸಿದ ಕಾರ್ಡನ್ನು ಯುರೋ ನಡೆಯುವ ಕಡೆ ಉಜ್ಜಿದರೆ ಒಂದು ಕರೆನ್ಸಿಯಿಂದ ಇನ್ನೊಂದಕ್ಕೆ ಬದಲಿಸುವ ಕ್ರಾಸ್ ಕರೆನ್ಸಿ ಶುಲ್ಕ ಬೀಳಬಹುದು. ಹೋಗುವ ದೇಶದ ಕರೆನ್ಸಿಯನ್ನೇ, ಖರ್ಚಾಗುವಷ್ಟೇ ತುಂಬಿಸಿ. ಉಳಿದದ್ದನ್ನು ವಾಪಸ್ ತೆಗೆಯುವಾಗ ಮತ್ತೊಮ್ಮೆ ದರದ ಏಟು ಬೀಳುತ್ತದೆ. ಶನಿವಾರ, ಭಾನುವಾರ ವಿನಿಮಯ ಮಾರುಕಟ್ಟೆ ಮುಚ್ಚಿರುವುದರಿಂದ ಆ ಎರಡು ದಿನ ದರಕ್ಕೆ ಸ್ವಲ್ಪ ಹೆಚ್ಚುವರಿ ಸೇರಿಸುವ, ಫೋನಿನ ಆಪ್ ಮೂಲಕ ನಡೆಯುವ ಕಾರ್ಡುಗಳೂ ಇವೆ. ಅಂಥ ಕಾರ್ಡಿದ್ದರೆ ಶುಕ್ರವಾರವೇ ಬದಲಿಸಿಟ್ಟುಕೊಳ್ಳಿ.

ರಾತ್ರಿ ಚೀಟಿಗಳನ್ನು ಮುಂದಿಟ್ಟುಕೊಂಡು ಲೆಕ್ಕ ನೋಡುವಾಗ ವೀಸಾ, ಮಾಸ್ಟರ್‌ಕಾರ್ಡ್ ಜಾಲತಾಣಗಳ ದರ ಕ್ಯಾಲ್ಕುಲೇಟರ್ ಬಳಸಿ. ಬ್ಯಾಂಕಿನ ಮಾರ್ಕಪ್ ಶೇಕಡಾ ಎಷ್ಟೆಂದು ತುಂಬುವ ಖಾನೆಯೂ ಅದರಲ್ಲಿದೆ. ಅದು ತೋರಿಸುವ ಅಂಕಿಯೂ ಬ್ಯಾಂಕು ಕಡಿತ ಮಾಡಿದ ಅಂಕಿಯೂ ಸ್ವಲ್ಪ ಆಚೀಚೆಯಾದರೆ ಗಾಬರಿಯಾಗಬೇಡಿ. ಕಾರ್ಡ್ ಉಜ್ಜಿದ ದಿನದ ದರವೇ ಬೀಳಬೇಕೆಂದಿಲ್ಲ, ಒಂದೆರಡು ದಿನ ಬಿಟ್ಟು ವ್ಯವಹಾರ ಇತ್ಯರ್ಥವಾಗುವ ದಿನದ್ದೂ ಆಗಬಹುದು.

ನಾಣ್ಯಗಳನ್ನು ಮಾತ್ರ ಕೂಡಿಡಬೇಡಿ. ಬದಲಿಸುವ ಕೌಂಟರುಗಳು ಸಾಮಾನ್ಯವಾಗಿ ನೋಟನ್ನಷ್ಟೇ ತೆಗೆದುಕೊಳ್ಳುತ್ತವೆ. ಹೊರಡುವ ದಿನದ ಬಿಲ್ಲಿಗೆ ಜೇಬಿನಲ್ಲಿರುವ ಚಿಲ್ಲರೆಯನ್ನೆಲ್ಲ ಸುರಿದು, ಉಳಿದದ್ದಕ್ಕಷ್ಟೇ ಕಾರ್ಡ್ ಕೊಡಿ.