ಗುಣ್ಯಾ, ಮಟ್ಟ, ಒಳಂಬಾ: ನಮ್ಮ ಲಾಡ್ಜಿನ ಬಾಗಿಲು ತೆರೆಯುವ ಕೆಲಸ ಎಲ್ಲಿಗೆ ಬಂತು

ಜೂನ್

ಫ್ರೀಮೇಸನರು ಅನ್ನೋ ಹಳೇ ಸಂಘದ ನಾವು ಸೇರುವ ಕಟ್ಟಡ 'ಮೇಸನಿಕ್ ಹಾಲ್'. ಬೆಳಗಾವಿ ಕ್ಯಾಂಪಿನಲ್ಲಿ, ಅಂದರೆ ಸೈನ್ಯದ ದಂಡು ಪ್ರದೇಶದಲ್ಲಿ, ಆಟೋದವರಿಗೆ ಆ ಹೆಸರು ಹೇಳಿದರೆ ಗೊತ್ತಾಗುವುದಿಲ್ಲ. 'ಭೂತ ಬಂಗ್ಲೆ' ಅಂದರೆ ಸೀದಾ ನಮ್ಮ ಗೇಟಿಗೇ ತಂದು ನಿಲ್ಲಿಸುತ್ತಾರೆ. ಉತ್ತರ ಭಾರತದ ಊರುಗಳಲ್ಲಿ ಇಂಥ ಕಟ್ಟಡಕ್ಕೆ 'ಜಾದೂಘರ್' ಅನ್ನೋ ಹೆಸರೂ ಇದೆ. ಕಿಟಕಿ ಸದಾ ಮುಚ್ಚಿರುತ್ತೆ, ತಿಂಗಳಿಗೊಮ್ಮೆ ಸಂಜೆ ಕರಿ ಕೋಟು ಹಾಕಿದ ಗಂಡಸರು ಒಳಗೆ ಹೋಗುತ್ತಾರೆ, ರಾತ್ರಿ ಹೊರಗೆ ಬರುತ್ತಾರೆ. ನೋಡಿದವರು ಇನ್ನೇನು ಅಂದುಕೊಳ್ಳಬೇಕು?

ಇನ್ನೊಂದು ತೊಂದರೆ 'ಲಾಡ್ಜ್' ಅನ್ನೋ ಪದದ್ದೇ. ನಮ್ಮ ಸಂಘದ ಒಂದೊಂದು ಶಾಖೆಗೂ ಲಾಡ್ಜ್ ಅಂತಲೇ ಹೆಸರು. ನಮ್ಮ ಕಡೆ ಲಾಡ್ಜ್ ಅಂದರೆ ರೂಮು ಬಾಡಿಗೆಗೆ ಸಿಗುವ ಜಾಗ. ಹೋದ ತಿಂಗಳು ನನ್ನ ಫೋನಿಗೆ ಒಂದು ಕರೆ ಬಂತು. "ಸರ್, ಡಬಲ್ ರೂಮ್ ಖಾಲಿ ಐತೇನ್ರಿ?" ಬಸ್ ಸ್ಟ್ಯಾಂಡಿನಲ್ಲಿ ಹೆಂಡತಿ ಮಕ್ಕಳ ಜೊತೆ ನಿಂತಿದ್ದ ಮನುಷ್ಯ. ಅವರಿಗೆ ಬೇರೆ ಕಡೆ ರೂಮು ಹುಡುಕಿಕೊಟ್ಟೆ. ಆಮೇಲೆ ಕೂತು ಯೋಚನೆ ಮಾಡಿದೆ. ಈ ಕಟ್ಟಡದಲ್ಲಿ ಏನು ನಡೆಯುತ್ತದೆ ಅಂತ ಊರಿಗೆ ಕನ್ನಡದಲ್ಲಿ ನಾವು ಒಂದು ಮಾತೂ ಹೇಳಿಲ್ಲ ಅಲ್ವಾ?

ಈ ವರ್ಷ ನನ್ನನ್ನು ಲಾಡ್ಜಿನ ಮಾಸ್ಟರ್, ಅಂದರೆ ಮುಖ್ಯಸ್ಥನ, ಕುರ್ಚಿಗೆ ಕೂರಿಸಿದ್ದಾರೆ. ಒಂದು ವರ್ಷದ ಜವಾಬ್ದಾರಿ. ಪಟ್ಟಿಯಲ್ಲಿ 34 ಹೆಸರಿವೆ, ಸಭೆಗೆ ಬರುವವರು 11 ಅಥವಾ 12. ಅವರಲ್ಲಿ 50 ದಾಟದವರು ಇಬ್ಬರೇ. ಹೀಗೇ ಬಿಟ್ಟರೆ ಹತ್ತು ವರ್ಷದಲ್ಲಿ ಬೀಗ ಬೀಳುತ್ತದೆ. ಹಾಗಾಗಿ ಈ ವರ್ಷದ ಕೆಲಸ ಇದು: ಹಾಲ್ ರಿಪೇರಿ ಮಾಡಿಸುವುದು, ಕನ್ನಡದಲ್ಲಿ ಒಂದು ಕರಪತ್ರ ತರುವುದು, ಒಂದು ದಿನ ಬಾಗಿಲು ತೆರೆದು ಊರವರನ್ನು ಒಳಗೆ ಕರೆಯುವುದು. ಏನೇನಾಯಿತು ಅಂತ ಇಲ್ಲಿ ಆಗಾಗ ಬರೆದಿಡುತ್ತೇನೆ.

ಜುಲೈ

ಈ ತಿಂಗಳ ವಿಷಯ ಸ್ವಲ್ಪ ಉದ್ದ ಬರೆಯಬೇಕು.

ಮಳೆಗೆ ಪಶ್ಚಿಮದ ಗೋಡೆ ಸೋರಿ ಗಾರೆ ಉದುರಿತ್ತು. ಶಹಾಪುರದಿಂದ ಒಬ್ಬ ಹಿರಿಯ ಗೌಂಡಿಯನ್ನು ಕರೆಸಿದೆವು. ವಯಸ್ಸು 70ರ ಹತ್ತಿರ. ಎಲ್ಲರೂ ಕಾಕಾ ಅಂತಾರೆ, ನಾನೂ ಹಾಗೇ ಕರೆದೆ. ಒಳಗೆ ಕಾಲಿಡುವ ಮುಂಚೆ ಬಾಗಿಲ ಮೇಲಿನ ಚಿಹ್ನೆ ನೋಡುತ್ತಾ ನಿಂತುಬಿಟ್ಟರು.

"ಇದು ನಮ್ಮ ಗುಣ್ಯಾ ಐತಲ್ರಿ ಸಾಹೇಬ್ರ. ಮ್ಯಾಲೆ ಕೈವಾರ. ಇಲ್ಲಿ ಯಾಕ ಹಾಕ್ಯಾರ?"

ಗುಣ್ಯಾ ಅಂದರೆ ಮೂಲೆಮಟ್ಟ. ಗೋಡೆಯ ಮೂಲೆ ಸರಿಯಾಗಿ 90 ಡಿಗ್ರಿ ಇದೆಯಾ ಅಂತ ನೋಡುವ ಸಾಧನ. ಇಡೀ ಜಗತ್ತಿನಲ್ಲಿ ಮೇಸನರ ಗುರುತು ಅದೇ, ಗುಣ್ಯಾ ಮತ್ತು ಕೈವಾರ. ನಾನು ಲಾಡ್ಜ್ ಸೇರಿ 11 ವರ್ಷ ಆಯಿತು. ಇಷ್ಟು ದಿನ ಅದನ್ನು 'ಸ್ಕ್ವೇರ್' ಅಂತಲೇ ಹೇಳುತ್ತಾ ಬಂದಿದ್ದೆ. ನನ್ನ ಊರಿನ ಮಾತಿನಲ್ಲಿ ಅದಕ್ಕೊಂದು ಹೆಸರಿದೆ ಅಂತ ಅವತ್ತೇ ಕಿವಿಗೆ ಬಿದ್ದಿದ್ದು.

ಒಳಗೆ ಕರೆದುಕೊಂಡು ಹೋಗಿ ಒಂದೊಂದೇ ತೋರಿಸಿದೆ. ಮಾಸ್ಟರ್ ಕೊರಳಲ್ಲಿ ಹಾಕುವ ಪದಕ ಗುಣ್ಯಾ. ಮಾಸ್ಟರ್ ನಂತರದ ಇಬ್ಬರು ಪದಾಧಿಕಾರಿಗಳಿಗೆ ವಾರ್ಡನ್ ಅಂತಾರೆ. ಸೀನಿಯರ್ ವಾರ್ಡನ್‌ದು ಮಟ್ಟ. ಜೂನಿಯರ್ ವಾರ್ಡನ್‌ದು ತೂಗುಗುಂಡು, ಕಾಕಾ ಬಾಯಲ್ಲಿ 'ಒಳಂಬಾ'. ಮಟ್ಟದ ಪದಕ ಈಗಿನ ರಸಮಟ್ಟದ ಹಾಗಿಲ್ಲ. ತ್ರಿಕೋನದ ಚೌಕಟ್ಟು, ನಡುವೆ ಒಂದು ಗುಂಡು ನೇತಾಡುತ್ತದೆ. ಅದನ್ನು ಕಾಕಾ ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. "ನಮ್ಮಜ್ಜನ ಹತ್ರ ಕಟಗೀದು ಇತ್ರಿ, ಹಿಂಗ ಇತ್ತು" ಅಂದರು.

ಆಮೇಲೆ ಕಲ್ಲಿನ ವಿಷಯ ಬಂತು. ಪ್ರತಿ ಲಾಡ್ಜಿನಲ್ಲೂ ಎರಡು ಕಲ್ಲು ಇರುತ್ತವೆ. ಒಂದು ಗಣಿಯಿಂದ ತಂದ ಹಾಗೇ ಇರುವ ಒರಟು ಕಲ್ಲು. ಇನ್ನೊಂದು ಆರೂ ಮೈ ನಯ ಮಾಡಿದ ಕಲ್ಲು. ಹೊಸಬನು ಒರಟು ಕಲ್ಲು, ತನ್ನನ್ನು ತಾನೇ ಕೆತ್ತಿಕೊಂಡು ನಯವಾದ ಕಲ್ಲಾಗಬೇಕು ಅನ್ನೋದು ಪಾಠ. ದೀಕ್ಷೆ ಪಡೆದವರಿಗೆ ಈ ಪಾಠವನ್ನು ನಾನೇ ಎಷ್ಟೋ ಸಲ ಹೇಳಿದ್ದೇನೆ. ಕಾಕಾ ನಯವಾದ ಕಲ್ಲಿನ ಮೇಲೆ ಹೆಬ್ಬೆರಳು ಎಳೆದರು. ಚೀಲದಿಂದ ತಮ್ಮ ಗುಣ್ಯಾ ತೆಗೆದರು. ಅಂಚು ಸವೆದು ಬೆಳ್ಳಗಾದ ಕಬ್ಬಿಣದ ಗುಣ್ಯಾ. ಒಂದು ಮೂಲೆಗೆ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ಕಬ್ಬಿಣ ಮತ್ತು ಕಲ್ಲಿನ ನಡುವೆ ಕೂದಲೆಳೆಯಷ್ಟು ಬೆಳಕು ಕಾಣಿಸಿತು.

"ಈ ಮೂಲಿ ತಪ್ಪೈತ್ರಿ."

ಬೇರೆ ಮೂರು ಮೂಲೆ ಸರಿಯಿದ್ದವು. ಅದೊಂದು ಇರಲಿಲ್ಲ. ನಮ್ಮಲ್ಲಿ ಯಾರೂ ಒಂದು ಸಲವೂ ಅದಕ್ಕೆ ಗುಣ್ಯಾ ಹಿಡಿದು ನೋಡಿರಲಿಲ್ಲ. ಅವತ್ತು ರಾತ್ರಿ ಮನೆಗೆ ಬಂದಮೇಲೂ ಆ ಬೆಳಕಿನ ಗೆರೆಯೇ ಕಣ್ಣ ಮುಂದೆ ಇತ್ತು.

ಆಗಸ್ಟ್

ಗೋಡೆ ಮುಗಿಯಿತು. ಕಪ್ಪು ಬಿಳುಪು ಚೌಕದ ನೆಲದಲ್ಲಿ ಒಡೆದ ಹಾಸು ಬದಲಾಯಿಸಿದೆವು. ಅದರ ಬಗ್ಗೆ ಜಾಸ್ತಿ ಬರೆಯುವುದೇನಿಲ್ಲ.

ಕರಪತ್ರಕ್ಕೆ ತುಂಬಾ ತಿಣುಕಾಡಿದೆ. ಮೊದಲು ಇಂಗ್ಲಿಷ್‌ನಲ್ಲಿ ಇದ್ದುದನ್ನು ಹಾಗೇ ಕನ್ನಡಕ್ಕೆ ತಿರುಗಿಸಿದೆವು. ಓದಿದರೆ ಭಯ ಆಗುವ ಹಾಗಿತ್ತು. 'ವರ್ಶಿಪ್‌ಫುಲ್ ಮಾಸ್ಟರ್' ಅನ್ನೋದು 'ಪೂಜ್ಯ ಗುರು' ಆಗಿತ್ತು. ಅದನ್ನು ಓದಿದವರು ಇಲ್ಲಿ ಒಬ್ಬ ಸ್ವಾಮೀಜಿ ಇದ್ದಾರೆ, ಪಾದಪೂಜೆ ನಡೆಯುತ್ತೆ ಅಂದುಕೊಳ್ಳಬೇಕು. ಹಳೇ ಇಂಗ್ಲಿಷಿನಲ್ಲಿ ಆ ಪದಕ್ಕೆ ಗೌರವಕ್ಕೆ ತಕ್ಕವರು ಅನ್ನುವಷ್ಟೇ ಅರ್ಥ. 'ಟೆಂಪಲ್' ಅನ್ನೋದು 'ಗುಡಿ' ಆಗಿತ್ತು. ಇಲ್ಲಿ ಯಾವ ದೇವರ ಪೂಜೆಯೂ ಇಲ್ಲ. ಎಲ್ಲ ಹರಿದು ಹಾಕಿ ಕಾಕಾ ಹೇಳಿದ ಪದಗಳಿಂದ ಮತ್ತೆ ಶುರು ಮಾಡಿದೆ. ಗೌಂಡಿ ಕೆಲಸದಿಂದ ಹುಟ್ಟಿದ ಸಂಘ ಇದು, ಅಲ್ಲಿಂದಲೇ ಶುರು ಮಾಡಿದರೆ ಜನರಿಗೆ ದಾರಿ ಸಿಗುತ್ತೆ ಅನ್ನಿಸಿತು.

ಚರಿತ್ರೆಗೆ ನಾಲ್ಕೇ ಸಾಲು ಇಟ್ಟೆ. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜುಗಳು ಸೇರಿ ಮೊದಲ ಗ್ರ್ಯಾಂಡ್ ಲಾಡ್ಜ್, ಅಂದರೆ ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆ, ಮಾಡಿಕೊಂಡವು. ಅಲ್ಲಿಂದ ಹದಿನೈದು ವರ್ಷವೂ ಆಗುವ ಮುಂಚೆ ಕಲ್ಕತ್ತೆಯಲ್ಲಿ ಲಾಡ್ಜ್ ಇತ್ತು. ಸೈನ್ಯ ಹೋದಲ್ಲಿ ಲಾಡ್ಜೂ ಹೋಯಿತು, ನಮ್ಮ ಕಡೆ ಇವು ಹೆಚ್ಚಾಗಿ ಕ್ಯಾಂಪಿನಲ್ಲೇ ಇರುವುದು ಅದಕ್ಕೇ. ಸ್ವಾತಂತ್ರ್ಯ ಬಂದ ಮೇಲೆ, 1961ರ ನವೆಂಬರ್ 24ರಂದು, ನಮ್ಮದೇ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಶುರುವಾಯಿತು. ರಾಂಪುರದ ನವಾಬರು ಅದರ ಮೊದಲ ಗ್ರ್ಯಾಂಡ್ ಮಾಸ್ಟರ್.

ಒಂದು ವಿಷಯ ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿಸಿದೆ. ನರೇಂದ್ರನಾಥ ದತ್ತ, ಅಂದರೆ ಮುಂದೆ ಸ್ವಾಮಿ ವಿವೇಕಾನಂದ ಆದವರು, 1884ರಲ್ಲಿ ಕಲ್ಕತ್ತೆಯ ಲಾಡ್ಜ್ ಒಂದರಲ್ಲಿ ಮೇಸನ್ ಆಗಿದ್ದರು. ಅವರು 1892ರ ಅಕ್ಟೋಬರಿನಲ್ಲಿ ಬೆಳಗಾವಿಗೆ ಬಂದಿದ್ದು, ಭಾಟೆಯವರ ಮನೆಯಲ್ಲಿ, ಆಮೇಲೆ ಹರಿಪದ ಮಿತ್ರರ ಮನೆಯಲ್ಲಿ ಉಳಿದಿದ್ದು ಊರಿಗೆಲ್ಲ ಗೊತ್ತು. ಮೊದಲನೆಯದು ಗೊತ್ತಿರುವವರು ಕಡಿಮೆ.

ಸೆಪ್ಟೆಂಬರ್

ಕರಪತ್ರ ಅಚ್ಚಾಗಿ ಬಂತು. 500 ಪ್ರತಿ. ಶೀರ್ಷಿಕೆಯಲ್ಲೇ 'ಫ್ರೀಮೇಸನರಿ' ಹೋಗಿ 'ಫ್ರೀ ಮಿಷನರಿ' ಆಗಿತ್ತು. ಪ್ರೆಸ್ಸಿನವರು ಕೊನೇ ಪ್ರೂಫ್ ತೋರಿಸಿರಲಿಲ್ಲ, ನಾನೂ ಹೋಗಿ ಕೇಳಿರಲಿಲ್ಲ. ಅದನ್ನು ಹಂಚಿದ್ದರೆ ಮತಾಂತರದ ಮಾತು ಎದ್ದು ಎಲ್ಲ ಕೆಟ್ಟುಹೋಗುತ್ತಿತ್ತು. ಒಂದೂ ಹೊರಗೆ ಹೋಗಲು ಬಿಡಲಿಲ್ಲ. ಮತ್ತೆ ಅಚ್ಚು ಹಾಕಿಸಿದೆವು. ಖರ್ಚನ್ನು ನಾನು ಕೊಟ್ಟೆ, ಲಾಡ್ಜಿನ ದುಡ್ಡು ಮುಟ್ಟಲಿಲ್ಲ. ಅದು ಸದಸ್ಯರು ದಾನಕ್ಕೆ ಅಂತ ಕೊಟ್ಟಿದ್ದು.

ಅಕ್ಟೋಬರ್

ನಮ್ಮ ಪಟ್ಟಿಯಲ್ಲಿರುವ ಐದು ಜನ ವಿಜಯಪುರ, ಬಾಗಲಕೋಟೆ ಕಡೆಯವರು. ವಿಜಯಪುರದಿಂದ ಬರಬೇಕಾದರೆ ಸುಮಾರು 200 ಕಿಲೋಮೀಟರ್. ಸಂಜೆ ಸಭೆ ಮುಗಿಸಿ ರಾತ್ರಿಯೇ ವಾಪಸ್ ಹೋಗುವುದು ಯಾರಿಗಾದರೂ ಕಷ್ಟ. ಅವರು ಬರುತ್ತಿಲ್ಲ ಅಂತ ನಾವು ಇಲ್ಲಿ ಕೂತು ಬೇಜಾರು ಮಾಡಿಕೊಳ್ಳುತ್ತಿದ್ದೆವು. ನಾವೇ ಹೋಗೋಣ ಅಂತ ಕಾರ್ಯದರ್ಶಿ ಹೇಳಿದರು. ನಾಲ್ಕು ಜನ ಕಾರಿನಲ್ಲಿ ಹೊರಟೆವು.

ಬಾಗಲಕೋಟೆಯ ಸದಸ್ಯರೊಬ್ಬರ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಎಲ್ಲರೂ ನೆಲದ ಮೇಲೆ ಕೂತೆವು. ಅವರ ಹೆಂಡತಿ ನೇರವಾಗಿಯೇ ಕೇಳಿದರು, "ಹದಿನೆಂಟ ವರ್ಷ ಆತು ಅಣ್ಣಾ, ಇವ್ರು ಎಲ್ಲಿ ಹೋಗ್ತಾರ, ಏನ್ ಮಾಡ್ತಾರ ಅಂತ ನನಗ ಯಾರೂ ಹೇಳಿಲ್ಲ." ಆ ಮಾತು ನಮಗೆಲ್ಲ ತಾಗಿತು. ಗುಟ್ಟಾಗಿ ಇಡಬೇಕಾದದ್ದು ಬಹಳ ಸ್ವಲ್ಪ: ಒಬ್ಬರನ್ನೊಬ್ಬರು ಗುರುತಿಸುವ ಕೈಸನ್ನೆ, ಒಂದೆರಡು ಪದ. ಉಳಿದದ್ದನ್ನು ಮನೆಯವರಿಂದ ಮುಚ್ಚಿಡಬೇಕು ಅಂತ ಯಾವ ನಿಯಮವೂ ಹೇಳುವುದಿಲ್ಲ. ಸುಮ್ನೆ ರೂಢಿ ಆಗಿಬಿಟ್ಟಿದೆ. ಅವರ ಮುಂದೆ ಕೂತು ಒಂದು ಗಂಟೆ ಎಲ್ಲ ಹೇಳಿದೆವು.

ಮರುದಿನ ಪಟ್ಟದಕಲ್ಲಿಗೆ ಹೋದೆವು. ನನಗೆ ಅಲ್ಲಿಗೆ ಹೋಗಲೇಬೇಕಿತ್ತು. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಕಂಚಿ ಗೆದ್ದ ನೆನಪಿಗೆ, ಎಂಟನೇ ಶತಮಾನದಲ್ಲಿ. ಅಲ್ಲಿಯ ಕನ್ನಡ ಶಾಸನದಲ್ಲಿ ಗುಡಿ ಕಟ್ಟಿದ ಸೂತ್ರಧಾರಿಯ, ಅಂದರೆ ಮುಖ್ಯ ಶಿಲ್ಪಿಯ, ಹೆಸರಿದೆ: ಗುಂಡ ಅನಿವಾರಿತಾಚಾರಿ. ಗುಡಿ ಕಟ್ಟಿದ್ದಕ್ಕೆ ಅವನಿಗೆ 'ತ್ರಿಭುವನಾಚಾರಿ' ಅನ್ನೋ ಬಿರುದು ಕೊಟ್ಟರು ಅಂತಲೂ ಬರೆದಿದೆ. ಇನ್ನೊಬ್ಬ ಶಿಲ್ಪಿ ಸರ್ವಸಿದ್ಧಿ ಆಚಾರಿಯ ಹೆಸರೂ ಅಲ್ಲೇ ಇದೆ. ಇವರಿಗೂ ಲಂಡನ್ನಿನ ಮೇಸನರಿಗೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ, ಖಂಡಿತ ಇಲ್ಲ. ಆದರೆ ಕಲ್ಲು ಕೆತ್ತುವವನ ಹೆಸರನ್ನು ರಾಜರ ಹೆಸರಿನ ಪಕ್ಕ ಕೆತ್ತಿದ ನಾಡು ಇದು. ಈ ನಾಡಿನಲ್ಲಿ ಕಲ್ಲಿನ ಪಾಠವನ್ನು ಇಂಗ್ಲಿಷ್‌ನಲ್ಲೇ ಹೇಳಬೇಕಾ?

ಕಂಬದ ಪಕ್ಕ ನಿಂತು ನಮ್ಮ ಐದು ಜನರಿಗೂ ಅಲ್ಲಿಂದಲೇ ಫೋನ್ ಮಾಡಿದೆ. ಇನ್ನು ಮೂರು ತಿಂಗಳಿಗೊಮ್ಮೆ ನಾವೇ ಆ ಕಡೆ ಹೋಗಿ ಸೇರುವುದು ಅಂತ ಮಾತಾಯಿತು.

ಡಿಸೆಂಬರ್

ಬಾಗಿಲು ತೆರೆದ ದಿನ.

ಬೆಳಿಗ್ಗೆ 10ಕ್ಕೆ ಎಲ್ಲ ಕಿಟಕಿ ತೆಗೆದೆವು. ಹೊರಗೆ ಹೊಸ ಬೋರ್ಡು, ಮೇಲೆ ಕನ್ನಡ. ಸಂಜೆಯ ಹೊತ್ತಿಗೆ 140 ಜನ ಬಂದು ಹೋದರು. ಒಂದು ಡಬ್ಬಿ ಕುಂದಾ ಮಧ್ಯಾಹ್ನಕ್ಕೇ ಖಾಲಿ.

ಮೇಜಿನ ಮೇಲೆ ಭಗವದ್ಗೀತೆ, ಕುರಾನ್, ಬೈಬಲ್ ಪಕ್ಕ ಪಕ್ಕ ಇಟ್ಟಿದ್ದೆವು. ಪ್ರತಿಯೊಬ್ಬ ಸದಸ್ಯ ತನ್ನ ಧರ್ಮದ ಗ್ರಂಥದ ಮೇಲೆ ಕೈಯಿಟ್ಟೇ ಪ್ರಮಾಣ ಮಾಡುತ್ತಾನೆ. ದೇವರಲ್ಲಿ ನಂಬಿಕೆ ಇರಬೇಕು, ಯಾವ ದೇವರು ಅಂತ ಯಾರೂ ಕೇಳುವುದಿಲ್ಲ. ಲಾಡ್ಜಿನೊಳಗೆ ಧರ್ಮದ ವಾದ, ರಾಜಕೀಯದ ವಾದ ಎರಡೂ ನಿಷೇಧ. ಬೆಳಗಾವಿಯಲ್ಲಿ ಈ ನಿಯಮದ ಬೆಲೆ ಏನು ಅಂತ ಇಲ್ಲಿ ಇರುವವರಿಗೆ ಗೊತ್ತು. ನಮ್ಮಲ್ಲಿ ಕನ್ನಡ ಮನೆಮಾತಿನವರಿದ್ದಾರೆ, ಮರಾಠಿಯವರಿದ್ದಾರೆ, ಕೊಂಕಣಿಯವರಿದ್ದಾರೆ. ಗಡಿ ಗಲಾಟೆಯಿಂದ ಬಸ್ಸು ನಿಂತ ವಾರದಲ್ಲೂ ಅವರೆಲ್ಲ ಒಂದೇ ಸಾಲಿನಲ್ಲಿ ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದೇನೆ. ನಾನು ಈ ಸಂಘವನ್ನು ಇಷ್ಟು ಪ್ರೀತಿಸುವುದಕ್ಕೆ ಅದೇ ಕಾರಣ.

ಕಾಲೇಜು ಹುಡುಗಿಯೊಬ್ಬಳು ಹೆಂಗಸರಿಗೆ ಯಾಕೆ ಸದಸ್ಯತ್ವ ಇಲ್ಲ ಅಂತ ಕೇಳಿದಳು. ಗ್ರ್ಯಾಂಡ್ ಲಾಡ್ಜಿನ ನಿಯಮದಲ್ಲಿ ಗಂಡಸರಿಗೆ ಮಾತ್ರ ಅವಕಾಶ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ. ಸಮಾಧಾನ ಆಗುವಂಥ ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಎಲ್ಲರಿಗಿಂತ ಜಾಸ್ತಿ ಜನ ಸೇರಿದ್ದು ಕಾಕಾ ಸುತ್ತ. ಅವರು ಬರಲೇಬೇಕು ಅಂತ ಮನೆಗೆ ಹೋಗಿ ಕರೆದಿದ್ದೆ. ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಅಂಗಿ. ಮಟ್ಟ ಹೇಗೆ ಹಿಡಿಯಬೇಕು, ಒಳಂಬಾ ಗಾಳಿಗೆ ಅಲುಗಿದರೆ ಏನು ಮಾಡಬೇಕು ಅಂತ ಮಕ್ಕಳ ಕೈಗೆ ಕೊಟ್ಟು ತೋರಿಸಿದರು. "ದಾರ ಹಿಡದ ಕೈ ಅಲಗಬಾರ್ದು ತಮ್ಮಾ. ಗುಂಡು ತಾನ ನಿಂದರತೈತಿ." ನಮ್ಮ ಪುಸ್ತಕದಲ್ಲಿ ಜೂನಿಯರ್ ವಾರ್ಡನ್ ಪದಕಕ್ಕೆ ಅರ್ಧ ಪುಟ ವಿವರಣೆ ಇದೆ. ಹುಡುಗರು ಕಾಕಾನ ಎರಡು ಮಾತಿಗೇ ತಲೆ ಆಡಿಸಿದರು.

ಜನವರಿ

ಮೂರು ಜನ ಸೇರುತ್ತೇವೆ ಅಂತ ತಾವಾಗಿ ಕೇಳಿದ್ದಾರೆ. ನಾವು ಯಾರನ್ನೂ ಒತ್ತಾಯ ಮಾಡಿ ಕರೆಯುವುದಿಲ್ಲ, ಕೇಳಿಕೊಂಡು ಬರಬೇಕು. ಒಬ್ಬರು ಹೈಸ್ಕೂಲು ಮೇಷ್ಟ್ರು, ಒಬ್ಬರು ಗೋಕಾಕದ ವ್ಯಾಪಾರಿ, ಇನ್ನೊಬ್ಬ 26 ವರ್ಷದ ಸಿವಿಲ್ ಎಂಜಿನಿಯರ್. ಇಬ್ಬರು ಸದಸ್ಯರು ಹೆಸರು ಸೂಚಿಸಬೇಕು, ಮನೆಗೆ ಹೋಗಿ ಮಾತಾಡಬೇಕು, ಆಮೇಲೆ ಬಿಳಿ ಗುಂಡು ಕಪ್ಪು ಗುಂಡಿನ ಮತ, ಬಿಳಿ ಅಂದರೆ ಒಪ್ಪಿಗೆ, ಕಪ್ಪು ಅಂದರೆ ಬೇಡ. ಮನೆಗೆ ಹೋಗುವಾಗ ಮನೆಯವರ ಎದುರಿಗೇ ಮಾತಾಡುವುದು ಅಂತ ಈ ಸಲ ತೀರ್ಮಾನ ಮಾಡಿದ್ದೇವೆ, ಬಾಗಲಕೋಟೆಯ ಅಕ್ಕನ ಮಾತು ಕೇಳಿದ ಮೇಲೆ.

ಬಾಕಿ ಇರುವುದು: ಸಭೆಯ ನಡಾವಳಿ ಬರೆದಿಟ್ಟ ಹಳೇ ಮಿನಿಟ್ ಪುಸ್ತಕಗಳಿಗೆ ಗೆದ್ದಲು ಹತ್ತಿದೆ, ಒಣಗಿಸಿ ಸ್ಕ್ಯಾನ್ ಮಾಡಿಸಬೇಕು. ವಿಜಯಪುರದ ಭೇಟಿ ಮಾರ್ಚಿಗೆ.

ನಿನ್ನೆ ಕಾಕಾ ಬಂದಿದ್ದರು. ಬಾದಾಮಿ ಕಡೆಯ ಕೆಂಪು ಕಲ್ಲು, ಒಂದು ಗೇಣು ಅಗಲ, ಹಳೇ ಪಂಚೆಯಲ್ಲಿ ಸುತ್ತಿ ತಂದಿದ್ದರು. ಎರಡು ವಾರ ಕೂತು ಕೆತ್ತಿದ್ದಾರೆ. ದುಡ್ಡು ಕೊಡಲು ಹೋದೆ, ಕಲ್ಲಿನದಷ್ಟೇ ತೆಗೆದುಕೊಂಡರು. ಸೀನಿಯರ್ ವಾರ್ಡನ್ ಪೀಠದ ಹತ್ತಿರ ಹಳೆಯದನ್ನು ತೆಗೆದು ಇದನ್ನು ಇಟ್ಟೆವು. ಅವರ ಗುಣ್ಯಾ ಇಸಿದುಕೊಂಡು ಮೂಲೆ ಮೂಲೆಗೂ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದೆ. ಎಲ್ಲೂ ಗೆರೆ ಕಾಣಿಸಲಿಲ್ಲ. "ಇನ್ನೊಮ್ಮೆ ನೋಡ್ರಿ" ಅಂದರು ಕಾಕಾ. ಇನ್ನೊಮ್ಮೆ ನೋಡಿದೆ.